ಓದುಗರ ಪ್ರಶ್ನೆ, ನಮ್ಮ ಉತ್ತರ: ಹಕ್ಕು ಕೇಳಿದ ಹೆಂಗಸರು

ಜನವರಿ ಸಂಚಿಕೆಯಲ್ಲಿ ಸಾವಿತ್ರಿಬಾಯಿ ಫುಲೆಯವರ ಜಯಂತಿಯ ನಿಮಿತ್ತ ಈ ಪುಟದಲ್ಲಿ ಒಂದು ಸಣ್ಣ ಟಿಪ್ಪಣಿ ಪ್ರಕಟವಾಗಿತ್ತು. ಅದನ್ನು ಓದಿ ಮುಂಬೈ, ಪುಣೆ ಮತ್ತು ಗೋವೆಯ ಕನ್ನಡಿಗರು ಬರೆದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇವೆ. ಪತ್ರಗಳು ದೀರ್ಘವಾಗಿದ್ದುದರಿಂದ ಪ್ರಶ್ನೆಯ ಸಾರವನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಕಾಲೇಜಿನ ಭಾಷಣ ಸ್ಪರ್ಧೆಗೆ ಮಗಳಿಗೆ ಟಿಪ್ಪಣಿ ಮಾಡಿಕೊಡಲು ಕುಳಿತಿದ್ದೆ. ಜೋತಿಬಾ ಫುಲೆ, ನ್ಯಾಯಮೂರ್ತಿ ರಾನಡೆ, ಮಹರ್ಷಿ ಕರ್ವೆ ಎಂದು ಬರೆಯುತ್ತಾ ಹೋದಂತೆ ಎಲ್ಲವೂ ಗಂಡಸರ ಹೆಸರೇ ಆಯಿತು. ಹೆಂಗಸರು ತಾವಾಗಿ ಹೋರಾಡಿದ್ದು ಇಲ್ಲವೇ? – ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬೇಕಾದಷ್ಟಿದೆ. ಶಾಲೆ ತೆರೆದವರ ಹೆಸರು ಕಟ್ಟಡದ ಮೇಲೆ ಉಳಿಯುತ್ತದೆ. ಕೋರ್ಟಿಗೆ ಹೋದವರ ಹೆಸರು ಕಡತದಲ್ಲಿ ಉಳಿಯುತ್ತದೆ, ಕಡತ ಬಿಚ್ಚಿ ನೋಡುವವರು ಕಡಿಮೆ. ನಿಮ್ಮ ಮಗಳ ಭಾಷಣಕ್ಕೆ ಒಂದೇ ಒಂದು ಹೆಸರನ್ನು ಸೂಚಿಸಬೇಕಾದರೆ ನಾವು ಡಾಕ್ಟರ್ ರಖಮಾಬಾಯಿಯವರ ಹೆಸರನ್ನು ಸೂಚಿಸುತ್ತೇವೆ.

1864ರಲ್ಲಿ ಮುಂಬೈಯಲ್ಲಿ ಹುಟ್ಟಿದ ರಖಮಾಬಾಯಿಗೆ ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬ ಹತ್ತೊಂಬತ್ತರ ಹುಡುಗನೊಂದಿಗೆ ಮದುವೆಯಾಯಿತು. ತಾಯಿ ಜಯಂತೀಬಾಯಿ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಆಮೇಲೆ ಡಾಕ್ಟರ್ ಸಖಾರಾಮ್ ಅರ್ಜುನ್ ಅವರನ್ನು ಮರುಮದುವೆಯಾಗಿದ್ದರು. ತೀರಿಕೊಂಡ ತಂದೆಯ ಆಸ್ತಿ ಮಗಳ ಹೆಸರಿಗೆ ಬಂದಿತ್ತು ಎಂಬುದನ್ನು ಈ ಕಥೆ ಓದುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮದುವೆಯಾದರೂ ಪ್ರಸ್ತವಾಗಿರಲಿಲ್ಲ; ರಖಮಾಬಾಯಿ ಗಂಡನ ಮನೆಗೆ ಹೋಗದೆ ಮಲತಂದೆಯ ಮನೆಯಲ್ಲೇ ಉಳಿದು ಓದಿಕೊಂಡರು. 1884ರಲ್ಲಿ ದಾದಾಜಿ ಹೆಂಡತಿಯನ್ನು ತನ್ನ ಮನೆಗೆ ಕಳುಹಿಸಿಕೊಡಬೇಕೆಂದು ಮುಂಬೈ ಹೈಕೋರ್ಟಿನಲ್ಲಿ ದಾವೆ ಹೂಡಿದ. ಓವಲ್ ಮೈದಾನದ ಪಕ್ಕದಲ್ಲಿ ಇಂದಿಗೂ ಇರುವ ಕಲ್ಲಿನ ಕಟ್ಟಡ ಆಗ ಹೊಸದು.

1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ದಾದಾಜಿಯ ದಾವೆಯನ್ನು ತಳ್ಳಿಹಾಕಿದರು. ಅರಿವು ಬರುವ ಮೊದಲೇ ಮದುವೆಯಾದ ಹೆಣ್ಣನ್ನು ಇಷ್ಟವಿಲ್ಲದ ಗಂಡಿನೊಂದಿಗೆ ಬಾಳಲು ಬಲವಂತ ಮಾಡುವುದಕ್ಕೆ ಇಂಗ್ಲಿಷ್ ಕಾನೂನಿನಲ್ಲಾಗಲಿ ಹಿಂದೂ ಶಾಸ್ತ್ರದಲ್ಲಾಗಲಿ ಅವರಿಗೆ ಆಧಾರ ಕಾಣಲಿಲ್ಲ. ಮೇಲ್ಮನವಿಯಲ್ಲಿ ಈ ತೀರ್ಪು ನಿಲ್ಲಲಿಲ್ಲ. ಪ್ರಕರಣ ಮರುವಿಚಾರಣೆಗೆ ಬಂದು, 1887ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಫ್ಯಾರನ್ ಅವರು ರಖಮಾಬಾಯಿ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳವರೆಗೆ ಸೆರೆವಾಸ ಅನುಭವಿಸಬೇಕು ಎಂದು ಆದೇಶಿಸಿದರು. ಸೆರೆಮನೆಗೇ ಹೋಗುತ್ತೇನೆ ಎಂಬುದು ಆಕೆಯ ಉತ್ತರವಾಗಿತ್ತು. ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ಹೆಣ್ಣುಮಗಳೊಬ್ಬಳು 1887ರಲ್ಲಿ ಹೈಕೋರ್ಟಿನ ಆದೇಶಕ್ಕೆ ಕೊಟ್ಟ ಉತ್ತರ ಇದು ಎಂಬುದನ್ನು ನಿಮ್ಮ ಮಗಳು ಭಾಷಣದಲ್ಲಿ ಸ್ವಲ್ಪ ನಿಧಾನವಾಗಿ ಹೇಳಲಿ.

ಈ ನಡುವೆ ಆಕೆ ಸುಮ್ಮನಿರಲಿಲ್ಲ. 1885ರಲ್ಲಿಯೇ ‘ಒಬ್ಬ ಹಿಂದೂ ಮಹಿಳೆ’ ಎಂಬ ಹೆಸರಿನಲ್ಲಿ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಗೆ ಬಾಲ್ಯವಿವಾಹ ಮತ್ತು ವೈಧವ್ಯದ ಬಗ್ಗೆ ಪತ್ರಗಳನ್ನು ಬರೆದಿದ್ದರು. ತಿಲಕರ ಕೇಸರಿ ಪತ್ರಿಕೆ ಆಕೆಯ ವಿರುದ್ಧ ನಿಂತಿತು. ಸ್ವರಾಜ್ಯದ ವಿಷಯದಲ್ಲಿ ನಾವು ಕೈಮುಗಿಯುವ ಹಿರಿಯರೇ ಈ ವಿಷಯದಲ್ಲಿ ಎದುರುಪಕ್ಷದಲ್ಲಿದ್ದರು; ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಕೊನೆಗೆ 1888ರಲ್ಲಿ ದಾದಾಜಿ ಎರಡು ಸಾವಿರ ರೂಪಾಯಿ ಪಡೆದು ರಾಜಿಯಾದ. ಮರುವರ್ಷ ರಖಮಾಬಾಯಿ ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ಓದಿ, ಡಾಕ್ಟರಾಗಿ ಹಿಂತಿರುಗಿ, ಸೂರತ್ ಮತ್ತು ರಾಜಕೋಟೆಗಳ ಹೆಂಗಸರ ಆಸ್ಪತ್ರೆಗಳಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದರು. ಅವರು ತೀರಿಕೊಂಡದ್ದು 1955ರಲ್ಲಿ.

ಈ ದಾವೆ ಎಬ್ಬಿಸಿದ ಚರ್ಚೆ ಮತ್ತು 1890ರಲ್ಲಿ ಕಲಕತ್ತೆಯ ಫೂಲಮಣಿ ಎಂಬ ಬಾಲಕಿ ಗಂಡನ ಬಲಾತ್ಕಾರದಿಂದ ಸತ್ತ ಪ್ರಕರಣ, ಇವೆರಡೂ ಸೇರಿ 1891ರಲ್ಲಿ ಸಮ್ಮತಿ ವಯಸ್ಸಿನ ಕಾನೂನು ಬರಲು ದಾರಿಯಾಯಿತು. ದೇಹಸಂಬಂಧಕ್ಕೆ ಹೆಣ್ಣು ಒಪ್ಪಿಗೆ ಕೊಡಬಲ್ಲ ವಯಸ್ಸು ಹತ್ತು ಎಂದಿದ್ದುದನ್ನು ಅದು ಹನ್ನೆರಡಕ್ಕೆ ಏರಿಸಿತು, ಅಷ್ಟೇ. ಆ ಎರಡು ವರ್ಷಕ್ಕಾಗಿ ಎದ್ದ ಗದ್ದಲವನ್ನು ಇಂದು ಓದಿದರೆ ನಾಚಿಕೆಯಾಗುತ್ತದೆ. ರಖಮಾಬಾಯಿಯ ಮೇಲೆ ಪ್ರಯೋಗಿಸಿದ ಅಸ್ತ್ರವಾದ ‘ವೈವಾಹಿಕ ಹಕ್ಕುಗಳ ಪುನಃಸ್ಥಾಪನೆ’ಯಂತೂ 1955ರ ಹಿಂದೂ ವಿವಾಹ ಕಾಯಿದೆಯ 9ನೆಯ ಕಲಮಿನಲ್ಲಿ ಇಂದಿಗೂ ಇದೆ. 1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟು ಅದು ಸಂವಿಧಾನಕ್ಕೆ ವಿರುದ್ಧವೆಂದಿತು. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಈಗ ಅದನ್ನು ಗಂಡನೂ ಹೆಂಡತಿಯೂ ಬಳಸಬಹುದು, ಯಾರನ್ನೂ ಸೆರೆಮನೆಗೆ ಕಳುಹಿಸುವುದಿಲ್ಲ ಎಂಬ ವ್ಯತ್ಯಾಸವನ್ನೂ ಹೇಳಬೇಕು.

ಇನ್ನು ಕರ್ವೆಯವರ ಮಾತು. ಅವರು 1893ರಲ್ಲಿ ಮರುಮದುವೆಯಾದ ಗೋದೂಬಾಯಿ ಪಂಡಿತಾ ರಮಾಬಾಯಿಯವರ ಶಾರದಾ ಸದನದ ವಿದ್ಯಾರ್ಥಿನಿ. ಕರ್ವೆಯವರು ವಿಧವೆಯರಿಗಾಗಿ ಆಶ್ರಮ ಆರಂಭಿಸಿದ್ದು 1896ರಲ್ಲಿ, ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ್ದು 1916ರಲ್ಲಿ. ಇವೆಲ್ಲಕ್ಕೂ ಮೊದಲು ಅವರ ಮನೆಯೊಳಗೆ ಬಂದದ್ದು ಒಬ್ಬ ಹೆಂಗಸು ಕಟ್ಟಿದ ಶಾಲೆಯ ಓದು.

ಪ್ರಶ್ನೆ: ಪಂಡಿತಾ ರಮಾಬಾಯಿಯವರನ್ನು ಇಲ್ಲಿ ಎಲ್ಲರೂ ಮಹಾರಾಷ್ಟ್ರದವರೆನ್ನುತ್ತಾರೆ. ಅವರು ನಮ್ಮ ಕಾರ್ಕಳದ ಕಡೆಯವರೆಂದು ಅಜ್ಜಿ ಹೇಳುತ್ತಿದ್ದರು. ಯಾವುದು ಸರಿ? – ಓದುಗಿ, ಕೋಥ್ರೂಡ್, ಪುಣೆ

ಉತ್ತರ: ಎರಡೂ ಸರಿ. ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳ ತಾಲ್ಲೂಕಿನ ಮಾಳದ ಚಿತ್ಪಾವನ ಕುಟುಂಬದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಊರಿನ ವೈದಿಕರ ಆಕ್ಷೇಪಕ್ಕೆ ಗುರಿಯಾದ ಅವರು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. 1858ರ ಏಪ್ರಿಲ್‌ನಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿಯೇ, ಅಂದರೆ ತುಂಗಾ ಭದ್ರಾ ನದಿಗಳು ಹುಟ್ಟುವ ಜಾಗದಲ್ಲಿ. ಮನೆಮಾತು ಮರಾಠಿ, ಕನ್ನಡವೂ ಅವರಿಗೆ ಬರುತ್ತಿತ್ತು. ಮುಂದೆ ಕುಟುಂಬ ಪುರಾಣ ಹೇಳಿಕೊಂಡು ತೀರ್ಥಕ್ಷೇತ್ರಗಳನ್ನು ಅಲೆಯಿತು. ಬರಗಾಲದಲ್ಲಿ ತಂದೆತಾಯಿಗಳು ತೀರಿಕೊಂಡರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟಾಗ ವಯಸ್ಸು ಇಪ್ಪತ್ತು. ಆದ್ದರಿಂದ ನಿಮ್ಮ ಅಜ್ಜಿ ಊರಿನ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಕೆಲಸ ಮಾಡಿದ್ದು ಪುಣೆ, ಮುಂಬೈ ಮತ್ತು ಕೇಡಗಾವಿನಲ್ಲಿ.

1882ರಲ್ಲಿ ಗಂಡ ತೀರಿಕೊಂಡ ಮೇಲೆ ಕೈಗೂಸಿನೊಂದಿಗೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಅವರು ಕೊಟ್ಟ ಸಾಕ್ಷ್ಯ ನಮ್ಮ ಮಟ್ಟಿಗೆ ಅವರ ಎಲ್ಲ ಕೃತಿಗಳಿಗಿಂತ ಮುಖ್ಯವಾದದ್ದು. ಓದಿದ ಗಂಡಸರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಹೆಂಗಸರ ಓದಿಗೆ ವಿರೋಧಿಗಳು, ಹೆಂಗಸರಲ್ಲಿ ಸಾಸಿವೆಯಷ್ಟು ತಪ್ಪು ಕಂಡರೂ ಅದನ್ನು ಬೆಟ್ಟವಾಗಿಸುತ್ತಾರೆ ಎಂದು ಅವರು ಆಯೋಗಕ್ಕೆ ನೇರವಾಗಿ ಹೇಳಿದರು. ಆದ್ದರಿಂದ ಶಿಕ್ಷಕಿಯರನ್ನು ತರಬೇತುಗೊಳಿಸಬೇಕು, ಹೆಂಗಸರನ್ನು ವೈದ್ಯಕೀಯಕ್ಕೆ ಸೇರಿಸಿಕೊಳ್ಳಬೇಕು ಎಂದು ಕೇಳಿದರು. ಗಂಡಸು ಡಾಕ್ಟರಿಗೆ ಮೈ ತೋರಿಸಲು ನಾಚಿ ಹೆಂಗಸರು ರೋಗದಲ್ಲೇ ಸಾಯುತ್ತಾರೆ ಎಂಬುದು ಅವರ ವಾದವಾಗಿತ್ತು.

1889ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಅಷ್ಟರಲ್ಲಿ ಅವರು ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ್ದರು. ಸದನದಲ್ಲಿ ಮತಾಂತರವಾಗುತ್ತಿದೆ ಎಂಬ ಗುಲ್ಲೆದ್ದು, 1893ರಲ್ಲಿ ರಾನಡೆ, ಭಾಂಡಾರ್ಕರ್ ಮೊದಲಾದ ಸಲಹೆಗಾರರು ಸಂಸ್ಥೆಯಿಂದ ಹೊರಬಂದರು, ಅನೇಕ ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ಪುಣೆಯ ನೆನಪಿನಲ್ಲಿ ಅವರು ಬಹುಕಾಲ ಹಿಂದಕ್ಕೆ ಸರಿದದ್ದಕ್ಕೆ ಇದೇ ಕಾರಣ. ಅವರ ನಂಬಿಕೆಯನ್ನು ಒಪ್ಪುವುದು ಬಿಡುವುದು ಓದುಗರ ಇಷ್ಟ. ಆದರೆ 1896–97ರ ಬರಗಾಲದಲ್ಲಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕೇಡಗಾವಿಗೆ ಕರೆತಂದು, ಅನ್ನ ಹಾಕಿ, ನೇಯ್ಗೆ, ಬೇಸಾಯ, ಅಚ್ಚುಕೂಟದ ಕೆಲಸ ಕಲಿಸಿ ನಿಲ್ಲಿಸಿದವರು ಅವರು. ಕೇಡಗಾವ್ ಪುಣೆ–ಸೊಲ್ಲಾಪುರದ ರೈಲುದಾರಿಯಲ್ಲೇ ಸಿಗುತ್ತದೆ. ಊರಿಗೆ ಹೋಗುವ ಕನ್ನಡಿಗರು ವರ್ಷವರ್ಷವೂ ಹಾದುಹೋಗುವ ನಿಲ್ದಾಣ ಅದು.

ಪ್ರಶ್ನೆ: ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯರಿಗೂ ಮುಂಬೈ, ಪುಣೆಗಳಿಗೂ ಏನು ಸಂಬಂಧ? – ಓದುಗರು, ಮಾಟುಂಗಾ

ಉತ್ತರ: ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧಿವೇಶನ ನಡೆದದ್ದು 1927ರ ಜನವರಿಯಲ್ಲಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಬರೋಡದ ಮಹಾರಾಣಿ ಚಿಮಣಾಬಾಯಿಯವರ ಅಧ್ಯಕ್ಷತೆಯಲ್ಲಿ. ಕಮಲಾದೇವಿ ಆ ಸಂಸ್ಥೆಯ ಮೊದಲ ಸಂಘಟನಾ ಕಾರ್ಯದರ್ಶಿಯಾದರು. ಅದರ ಹಿಂದಿನ ವರ್ಷವಷ್ಟೇ ಮದ್ರಾಸಿನ ಶಾಸನಸಭೆಗೆ ಸ್ಪರ್ಧಿಸಿ ಅತ್ಯಲ್ಪ ಮತಗಳಿಂದ ಸೋತಿದ್ದರು. ಸಮ್ಮೇಳನ ಕೂಡಿದ್ದು ಹುಡುಗಿಯರ ಶಿಕ್ಷಣದ ಚರ್ಚೆಗೆ. ಹನ್ನೆರಡಕ್ಕೇ ಮದುವೆಯಾಗುವ ಹುಡುಗಿಗೆ ಶಾಲೆ ತೆರೆದು ಏನು ಫಲ ಎಂಬುದು ಬೇಗನೆ ಅರಿವಾಗಿ, ಸಮ್ಮೇಳನದ ಹೆಂಗಸರು ಬಾಲ್ಯವಿವಾಹ ತಡೆಯ ಮಸೂದೆಯ ಬೆನ್ನಿಗೆ ನಿಂತರು. ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ಎಂದು ಗೊತ್ತುಮಾಡಿದ ಆ ಕಾನೂನು 1929ರಲ್ಲಿ ಅಂಗೀಕಾರವಾಯಿತು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ದಂಡಿಗೆ ಹೊರಟ ತಂಡದಲ್ಲಿ ಗಾಂಧೀಜಿಯವರು ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿ ಅವರನ್ನು ಕಂಡು ಹೆಂಗಸರಿಗೂ ಪಾಲು ಕೇಳಿದರು. ಆಮೇಲೆ ಮುಂಬೈಯ ಚೌಪಾಟಿಯಲ್ಲಿ ಅವಂತಿಕಾಬಾಯಿ ಗೋಖಲೆಯವರೊಂದಿಗೆ ಉಪ್ಪು ತಯಾರಿಸಿ, ಅದರ ಪೊಟ್ಟಣಗಳನ್ನು ಶೇರುಪೇಟೆಗೆ ಒಯ್ದು ಮಾರಿ, ಸೆರೆಮನೆ ಸೇರಿದರು.

ಅವರ ಬಾಲ್ಯದ ಒಂದು ಸಂಗತಿ ಮುಂದಿನ ಪ್ರಶ್ನೆಗೂ ಸಂಬಂಧಿಸಿದೆ. ಏಳನೆಯ ವಯಸ್ಸಿನಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡಾಗ ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೂ ಹೆಣ್ಣುಮಕ್ಕಳಿಗೂ ಗೊತ್ತಾದದ್ದು ತಿಂಗಳ ಜೀವನಾಂಶ ಮಾತ್ರ. ಆ ತಾಯಿ ಅದನ್ನು ನಿರಾಕರಿಸಿ, ತವರಿನಿಂದ ತನಗೆ ಬಂದಿದ್ದ ಸ್ವತ್ತಿನಲ್ಲಿಯೇ ಮಕ್ಕಳನ್ನು ಬೆಳೆಸಿದರು.

ಪ್ರಶ್ನೆ: ನಾವು ತುಳುನಾಡಿನವರು, ಅಳಿಯಕಟ್ಟಿನವರು. ನಮ್ಮಲ್ಲಿ ಆಸ್ತಿ ತಾಯಿಯ ಕಡೆಯಿಂದಲೇ ಬರುವುದರಿಂದ ಸ್ತ್ರೀಹಕ್ಕಿನ ಹೋರಾಟ ನಮಗೆ ಬೇಕಾಗಿಯೇ ಇರಲಿಲ್ಲ ಎಂದು ನನ್ನ ಮಾವನವರು ಹೇಳುತ್ತಾರೆ. ಹಾಗಿದ್ದೂ ಊರಿನ ಜಾಗ ಮಾರುವಾಗ ನನ್ನಿಂದ ಬರೀ ಸಹಿ ಹಾಕಿಸಿಕೊಂಡರು. – ಓದುಗಿ, ಭಾಂಡುಪ್

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯವೇ ಅದರ ಹಿಂದಿನದಕ್ಕೆ ಅರ್ಧ ಉತ್ತರ ಕೊಟ್ಟಿದೆ.

ಅಳಿಯಸಂತಾನದಲ್ಲಿ, ಅಂದರೆ ನಿಮ್ಮ ಅಳಿಯಕಟ್ಟಿನಲ್ಲಿ, ಹೆಣ್ಣಿನ ಸ್ಥಾನ ದೊಡ್ಡದೆಂಬುದು ನಿಜ. ಕುಟುಂಬ ಬೆಳೆಯುವುದು ಹೆಣ್ಣಿನಿಂದ, ಹೆಣ್ಣು ಹುಟ್ಟಿದ ಮನೆಯ ಹಕ್ಕನ್ನು ಮದುವೆಯಾದರೂ ಕಳೆದುಕೊಳ್ಳುವುದಿಲ್ಲ, ಹಿರಿಯ ಹೆಂಗಸು ಯಜಮಾನ್ತಿಯಾಗುವುದಕ್ಕೂ ಅವಕಾಶವಿತ್ತು. ಘಟ್ಟದ ಮೇಲಿನ ಅಥವಾ ಮಹಾರಾಷ್ಟ್ರದ ಹೆಣ್ಣುಮಕ್ಕಳಿಗೆ ಈ ಭಾಗ್ಯವಿರಲಿಲ್ಲ. ಆದರೆ ಆಸ್ತಿ ಹೆಣ್ಣಿನ ಮೂಲಕ ಹರಿಯುವುದು ಬೇರೆ, ಹೆಣ್ಣಿನ ಕೈಯಲ್ಲಿ ನಿಲ್ಲುವುದು ಬೇರೆ. ಬಹುಪಾಲು ಮನೆಗಳಲ್ಲಿ ಗೇಣಿಯ ಲೆಕ್ಕ, ಕಂದಾಯ, ಕೋರ್ಟು ಎಲ್ಲವೂ ಸೋದರಮಾವನ ಕೈಯಲ್ಲಿದ್ದವು. ಎಲ್ಲ ವಯಸ್ಕ ಸದಸ್ಯರ ಒಪ್ಪಿಗೆಯಿಲ್ಲದೆ ಪಾಲು ಕೇಳುವಂತಿರಲಿಲ್ಲ. ಕವರುಗಳಿಗೆ, ಅಂದರೆ ಕುಟುಂಬದೊಳಗೆ ಒಬ್ಬೊಬ್ಬ ಹೆಣ್ಣಿನ ಸಂತತಿಯಿಂದಾದ ಕವಲುಗಳಿಗೆ, ಪಾಲಿನ ಹಕ್ಕನ್ನು ಕೊಟ್ಟದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ. ಇನ್ನೊಂದು ಮಗ್ಗುಲೂ ಇದೆ. ಗಂಡ ದುಡಿದು ಗಳಿಸಿದ್ದರಲ್ಲಿ ಹೆಂಡತಿ ಮಕ್ಕಳಿಗೆ ಉತ್ತರಾಧಿಕಾರವಿರಲಿಲ್ಲ. ಮುಂಬೈಗೆ ಬಂದು ಹೋಟೆಲಿಟ್ಟವರ ಮನೆಗಳಲ್ಲಿ ಇದರಿಂದ ಎಷ್ಟು ಮನಸ್ತಾಪಗಳಾದವೆಂಬುದನ್ನು ಹಿರಿಯರನ್ನು ಕೇಳಿದರೆ ಹೇಳುತ್ತಾರೆ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಚಿತ್ರ ಬದಲಾಯಿತು. ಅದರ 7ನೆಯ ಕಲಮಿನಂತೆ, ಅಳಿಯಸಂತಾನದ ವ್ಯಕ್ತಿ ತೀರಿಕೊಂಡರೆ ಕುಟುಂಬ ಅಥವಾ ಕವರಿನ ಆಸ್ತಿಯಲ್ಲಿ ಅವರಿಗಿದ್ದ ಅವಿಭಕ್ತ ಪಾಲು ಹಳೆಯ ಕಟ್ಟಿನಂತೆ ಹೋಗದೆ ಈ ಕಾಯಿದೆಯಂತೆ, ಇಲ್ಲವೇ ಉಯಿಲಿನಂತೆ ಹೋಗುತ್ತದೆ. ಆ ಪಾಲನ್ನು ಸಾವಿನ ಮುಂಚಿನ ಕ್ಷಣದಲ್ಲಿ ತಲೆಲೆಕ್ಕದಲ್ಲಿ ಹಂಚಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟೆಂದು ಎಣಿಸಬೇಕು.

ಆಸ್ತಿ ತಂದೆಯ ಕಡೆಯಿಂದ ಬರುವ ಮಕ್ಕಳಕಟ್ಟಿನ ಓದುಗಿಯರಿಗೆ ಅನ್ವಯಿಸುವುದು ಅದೇ ಕಾಯಿದೆಯ 6ನೆಯ ಕಲಮು. ಮಹಾರಾಷ್ಟ್ರ ಮತ್ತು ಕರ್ನಾಟಕಗಳೆರಡೂ 1994ರಲ್ಲಿ ತಿದ್ದುಪಡಿ ತಂದು ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಪಾಲುದಾರರನ್ನಾಗಿ ಮಾಡಿದವು, ಆದರೆ ತಿದ್ದುಪಡಿಗೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟವು. ಕೇಂದ್ರದ 2005ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ತಂದೆ ಈ ತಿದ್ದುಪಡಿ ಜಾರಿಗೆ ಬಂದ ದಿನ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಭಾಗಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ.

ಈಗ ನಿಮ್ಮ ಸಹಿಯ ವಿಷಯ. ನೀವು ಸಹಿ ಹಾಕಿದ್ದು ಕ್ರಯಪತ್ರಕ್ಕೋ, ಹಕ್ಕು ಬಿಡುಗಡೆ ಪತ್ರಕ್ಕೋ, ಅಧಿಕಾರ ಪತ್ರಕ್ಕೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ, ಪಹಣಿಯನ್ನೂ ತರಿಸಿಕೊಳ್ಳಿ. ಎರಡನ್ನೂ ಇಟ್ಟುಕೊಂಡು ಊರಿನ ಕಾನೂನು ಬಲ್ಲ ವಕೀಲರನ್ನು ಕಾಣಿ. ದಾವೆಗೆ ಕಾಲಮಿತಿ ಇರುವುದರಿಂದ ಮುಂದಿನ ಸಲ ಊರಿಗೆ ಹೋಗುವಾಗ ನೋಡೋಣವೆಂದು ಬಿಡಬೇಡಿ. ಮಾವನವರ ಹತ್ತಿರ ವಾದಕ್ಕೆ ಇಳಿಯುವುದು ಆಮೇಲೆ.

ಪ್ರಶ್ನೆ: ಗೋವೆಯಲ್ಲಿ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಎನ್ನುತ್ತಾರೆ. ಕೆಲಸಕ್ಕಾಗಿ ಗದಗದಿಂದ ಬಂದು ಇಲ್ಲಿ ನೆಲೆಸಿದ ನಮಗೂ ಅದು ಸಿಗುತ್ತದೆಯೇ? – ಓದುಗಿ, ವಾಸ್ಕೊ

ಉತ್ತರ: ಗೋವೆಯಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕುಟುಂಬ ನಿಯಮಗಳು ವಿಮೋಚನೆಯ ನಂತರವೂ 1962ರ ಕಾಯಿದೆಯ ಬಲದಿಂದ ಮುಂದುವರಿದವು. ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ ದಂಪತಿಗಳ ಆಸ್ತಿ ಇಬ್ಬರಿಗೂ ಸಮಾನವಾಗಿ ಸೇರುತ್ತದೆ. ಮನೆ ಜಮೀನು ಮಾರಲು ಇಬ್ಬರ ಒಪ್ಪಿಗೆಯೂ ಬೇಕು. ತಂದೆತಾಯಿಗಳು ಉಯಿಲು ಬರೆದರೂ ಅರ್ಧಪಾಲನ್ನು ಮಕ್ಕಳಿಗೆ, ಹೆಣ್ಣು ಗಂಡೆಂಬ ಭೇದವಿಲ್ಲದೆ, ಉಳಿಸಲೇಬೇಕು. ಆದರೆ ಇದನ್ನು ಹೆಂಗಸರ ಸ್ವರ್ಗವೆಂದು ಬಣ್ಣಿಸುವವರ ಮಾತನ್ನು ಪೂರ್ತಿ ನಂಬಬೇಡಿ. ಮೂಲ ಸಂಹಿತೆಯಲ್ಲಿ ಆ ಜಂಟಿ ಆಸ್ತಿಯ ಆಡಳಿತ ಗಂಡನದಾಗಿತ್ತು. ಗೋವೆಯ ಹಿಂದೂಗಳ ಆಚಾರಗಳ ಬಗ್ಗೆ 1880ರಲ್ಲಿ ಹೊರಟ ಶಾಸನ, ಹೆಂಡತಿಗೆ ಇಪ್ಪತ್ತೈದರವರೆಗೆ ಮಕ್ಕಳಾಗದಿದ್ದರೆ ಅಥವಾ ಮೂವತ್ತರವರೆಗೆ ಗಂಡುಮಗು ಹುಟ್ಟದಿದ್ದರೆ ಗಂಡ ಇನ್ನೊಂದು ಮದುವೆಯಾಗಲು ಅವಕಾಶ ಕೊಟ್ಟಿತ್ತು.

ಈ ನಿಯಮಗಳು ಅನ್ವಯಿಸುವುದು ಗೋವೆಯನ್ನು ಕಾನೂನಿನ ದೃಷ್ಟಿಯಲ್ಲಿ ಶಾಶ್ವತ ನೆಲೆಯಾಗಿ ಹೊಂದಿದವರಿಗೆ. ಅಂಥವರು ಭಾರತದ ಬೇರೆಡೆ ಹೊಂದಿರುವ ಆಸ್ತಿಗೂ ಅವು ಅನ್ವಯಿಸುತ್ತವೆ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಕೆಲಸಕ್ಕಾಗಿ ಬಂದು ಬಾಡಿಗೆ ಮನೆಯಲ್ಲಿ ಕೆಲವು ವರ್ಷ ಇದ್ದ ಮಾತ್ರಕ್ಕೆ ಆ ನೆಲೆ ಬದಲಾಗುವುದಿಲ್ಲ. ಗದಗದಲ್ಲಿ ಮದುವೆಯಾಗಿ, ಅಲ್ಲಿಯೇ ಹೊಲಮನೆ ಇಟ್ಟುಕೊಂಡಿರುವ ಕುಟುಂಬಕ್ಕೆ ಸಾಮಾನ್ಯವಾಗಿ ಹಿಂದೂ ಕಾನೂನೇ ಉಳಿಯುತ್ತದೆ. ಗೋವೆಯಲ್ಲೇ ಮನೆ ಕೊಳ್ಳುವ ಯೋಚನೆಯಿದ್ದರೆ ಕ್ರಯಪತ್ರದಲ್ಲಿ ನಿಮ್ಮ ಹೆಸರನ್ನೂ ಸೇರಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭದ ದಾರಿ.

ಪ್ರಶ್ನೆ: ಸಾವಿತ್ರಿಬಾಯಿ ಶಾಲೆಗೆ ಹೋಗುವಾಗ ಜನ ಸೆಗಣಿ ಎರಚುತ್ತಿದ್ದರೆಂದು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ಯುತ್ತಿದ್ದರಂತೆ. ಟಿಪ್ಪಣಿಯಲ್ಲಿ ಅದನ್ನೇಕೆ ಬರೆಯಲಿಲ್ಲ? – ಓದುಗರು, ಠಾಣೆ

ಉತ್ತರ: ಎಲ್ಲರಿಗೂ ಗೊತ್ತಿರುವ ಕಥೆಯೆಂದು ಬಿಟ್ಟೆವು. ಅದನ್ನು ಮತ್ತೆ ಮತ್ತೆ ಹೇಳುವುದರಿಂದ ಸಾವಿತ್ರಿಬಾಯಿ ಸಹನೆಯ ಮೂರ್ತಿಯಾಗಿಯೇ ಉಳಿದುಬಿಡುತ್ತಾರೆ ಎಂಬ ಅಳುಕೂ ಇತ್ತು. ಅವರು ಗಂಡನಿಗೆ ಬರೆದ ಪತ್ರಗಳು ಉಳಿದಿವೆ. 1868ರ ಆಗಸ್ಟ್‌ನಲ್ಲಿ ತವರೂರಾದ ನಾಯಗಾವಿನಿಂದ ಬರೆದ ಪತ್ರದಲ್ಲಿ ಒಂದು ಘಟನೆ ಬರುತ್ತದೆ. ಗಣೇಶನೆಂಬ ಬ್ರಾಹ್ಮಣ ಹುಡುಗ ಮತ್ತು ಅವನಿಂದ ಗರ್ಭಿಣಿಯಾಗಿದ್ದ ಶಾರ್ಜಾ ಎಂಬ ಮಹಾರ್ ಹುಡುಗಿಯನ್ನು ಊರಿನ ಜನ ಕೊಲ್ಲಲೆಂದು ಎಳೆದುಕೊಂಡು ಹೋಗುತ್ತಿದ್ದರು. ಸಾವಿತ್ರಿಬಾಯಿ ಓಡಿಹೋಗಿ ಅಡ್ಡ ನಿಂತು, ಕೊಂದರೆ ಇಂಗ್ಲಿಷರ ಕಾನೂನಿನಲ್ಲಿ ಏನಾಗುತ್ತದೆಂಬುದನ್ನು ಅವರಿಗೆ ವಿವರಿಸಿದರು. ಜನ ಕೈಬಿಟ್ಟರು, ಇಬ್ಬರೂ ಊರು ಬಿಡಬೇಕೆಂದರು. ಅವರನ್ನು ಪುಣೆಗೆ, ಜೋತಿರಾಯರ ಬಳಿಗೆ ಕಳುಹಿಸಿಕೊಡುತ್ತಿದ್ದೇನೆಂದು ಸಾವಿತ್ರಿಬಾಯಿ ಪತ್ರದಲ್ಲಿ ಬರೆದಿದ್ದಾರೆ.